ಎತ್ತಿಗೆ ಹಲ್ಲು, ಗಿಟಾರಿಗೆ ಏನು?

ಬೀಳಗಿಯ ಪರಿಚಿತರೊಬ್ಬರು ಕೆಲವು ದಿನಗಳ ಹಿಂದೆ ನನ್ನ ಮುಂದೆ ಒಂದು ಸಂದೇಹ ಇಟ್ಟರು. ಅವರು ರೈತರು. ಕಬ್ಬಿನ ಬಿಲ್ಲು ಆಗಷ್ಟೇ ಕೈಗೆ ಬಂದಿತ್ತು. ಪಿ.ಯು.ಸಿ. ಓದುತ್ತಿರುವ ಮಗ ಜಾತ್ರೆಗಳಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುವ ತಂಡವೊಂದರ ಜತೆ ತಿರುಗುತ್ತಾನೆ. ಇನ್ನೊಬ್ಬರ ಗಿಟಾರನ್ನು ಎರವಲು ಪಡೆದು ನುಡಿಸುತ್ತಾನೆ. ಈಗ ಸ್ವಂತದ್ದೊಂದು ವಿದ್ಯುತ್ ಗಿಟಾರು ಬೇಕೆಂದು ಹಟ ಹಿಡಿದಿದ್ದಾನೆ. ತಂದೆಗೆ ಕೊಡಿಸಬಾರದೆಂದೇನೂ ಇಲ್ಲ. ಆದರೆ ಎಷ್ಟು ಹಣ ಕೊಟ್ಟರೆ ಮೋಸವಾಗಲಿಲ್ಲ ಎನ್ನಬಹುದು ಎಂಬುದು ಗೊತ್ತಾಗುತ್ತಿಲ್ಲ.

"ಎತ್ತು ತಗೊಳ್ಳುವಾಗ ಹಲ್ಲು ನೋಡ್ತೀವ್ರಿ, ಸುಳಿ ನೋಡ್ತೀವಿ, ನಾಕ್ ಹೆಜ್ಜಿ ನಡಿಸಿ ನೋಡ್ತೀವಿ. ಈ ಗಿಟಾರಿಗೆ ಏನ್ ನೋಡಬೇಕ್ರಿ ಸರ? ಒಂದಕ್ಕ ಹನ್ನೆರಡು ಸಾವಿರ ಅಂತಾರ, ಇನ್ನೊಂದಕ್ಕ ಒಂದೂವರಿ ಲಕ್ಷ ಅಂತಾರ. ಎರಡಕ್ಕೂ ಇರೂದು ಆರ ತಂತಿ!"

ಪ್ರಶ್ನೆ ಸರಳವಾಗಿ ಕಂಡರೂ ಸಣ್ಣದಲ್ಲ. ಒಂದು ವಾದ್ಯದ ಬೆಲೆ ಅದರ ಮರದಲ್ಲಿದೆಯೋ, ಮಾಡಿದವನ ಕೈಯಲ್ಲಿದೆಯೋ, ಮೇಲೆ ಬರೆದ ಹೆಸರಿನಲ್ಲಿದೆಯೋ, ಅಥವಾ ನುಡಿಸುವವನ ಬೆರಳಿನಲ್ಲಿದೆಯೋ? ಕೃಷ್ಣಾ ತೀರದ ಈ ಸೀಮೆ, ಅಂದರೆ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಜನ, ಗಿಟಾರು ಕಣ್ಣಿಗೆ ಬೀಳುವುದಕ್ಕೆ ಬಹಳ ಹಿಂದೆಯೇ ಈ ಪ್ರಶ್ನೆಯನ್ನು ಎರಡು ಸಲ ಎದುರಿಸಿದ್ದಾರೆ. ಒಮ್ಮೆ ತಂಬೂರಿಯ ಮುಂದೆ, ಇನ್ನೊಮ್ಮೆ ಪೇಟಿಯ ಮುಂದೆ. ಆ ಎರಡು ಕಥೆಗಳನ್ನು ನೋಡಿಕೊಂಡು ಬಂದರೆ ಮೂರನೆಯದಕ್ಕೆ ಉತ್ತರ ಹುಡುಕುವುದು ಸುಲಭ.

ಕತ್ತಿ ಮಸೆಯುವ ಕೈ

ಈ ಭಾಗದ ಹಾಡುಗಾರರಿಗೆ ತಂಬೂರಿ ಎಂದರೆ ಮಿರಜದ್ದು. ಮಿರಜ ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಆದರೆ ಸಂಗೀತದ ಲೆಕ್ಕದಲ್ಲಿ ಅದು ಉತ್ತರ ಕರ್ನಾಟಕದ ಅಂಗಳ. ಆಡಳಿತದ ನಂಟೂ ಇತ್ತು. ಮಿರಜವನ್ನು ಆಳುತ್ತಿದ್ದ ಪಟವರ್ಧನ ಮನೆತನದ್ದೇ ಒಂದು ಶಾಖೆ 1811ರಿಂದ ಜಮಖಂಡಿ ಸಂಸ್ಥಾನವನ್ನು ಆಳಿತು. 1948ರಲ್ಲಿ ಆ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು.

ಮಿರಜದಲ್ಲಿ ತಂತಿವಾದ್ಯ ಮಾಡುವ ಕಸಬು ಶುರುವಾದ ಬಗೆ ಸ್ವಾರಸ್ಯಕರ. ಅದನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭಿಸಿದವರು ಶಿಕಲಗಾರ ಮನೆತನದವರು. ಅವರಲ್ಲಿ ಫರೀದಸಾಹೇಬರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಶಿಕಲಗಾರರ ಮೂಲ ಕಸಬು ಕತ್ತಿ ಕಠಾರಿಗಳನ್ನು ಮಸೆದು ಹೊಳಪು ಕೊಡುವುದು. ಬ್ರಿಟಿಷರ ಹಿಡಿತ ಬಿಗಿಯಾಗಿ, ಸಂಸ್ಥಾನಗಳ ಸೈನ್ಯಗಳು ಕುಗ್ಗಿ, ಆಯುಧಗಳಿಗೆ ಗಿರಾಕಿ ಇಲ್ಲದಂತಾದಾಗ ಅವರು ತಂಬೂರಿ, ಸಿತಾರುಗಳ ದುರಸ್ತಿಗೆ, ಮುಂದೆ ತಯಾರಿಕೆಗೆ ಇಳಿದರು.

ಅದೇ ಕಾಲದಲ್ಲಿ ನಮ್ಮ ಮುಧೋಳ ಸೀಮೆಯಲ್ಲಿ ಆಯುಧದ ಪ್ರಶ್ನೆ ಬೇರೆಯೇ ದಾರಿ ಹಿಡಿದಿತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಸರಕಾರದ ಆಜ್ಞೆಯನ್ನು ಹಲಗಲಿಯ ಬೇಡರು ಧಿಕ್ಕರಿಸಿದರು. ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಆ ಕಥೆಯನ್ನು ಇಂದಿಗೂ ಹಾಡುತ್ತಾರೆ. ಒಂದೇ ಕಾಲಮಾನ, ಒಂದೇ ಒತ್ತಡ. ಒಂದೂರಿನಲ್ಲಿ ಕತ್ತಿ ಬಿಡದವರು ಹಾಡಿನ ವಸ್ತುವಾದರು; ಇನ್ನೊಂದೂರಿನಲ್ಲಿ ಕತ್ತಿ ಮಸೆಯುತ್ತಿದ್ದವರು ಹಾಡಿಗೆ ಬೇಕಾದ ವಾದ್ಯ ಮಾಡಿದರು.

ಮಿರಜದ ತಂಬೂರಿಯಲ್ಲಿ ದುಬಾರಿ ಸಾಮಗ್ರಿ ಎಂಬುದು ಅಷ್ಟಾಗಿ ಇಲ್ಲ. ಪಂಢರಪುರದ ಸುತ್ತ ಭೀಮೆಯ ದಂಡೆಯಲ್ಲಿ ಬೆಳೆಯುವ ದೊಡ್ಡ ಸೋರೆ ಬುರುಡೆ, ಮರದ ದಂಡಿ, ಬಿರಡೆ, ನಾಲ್ಕು ತಂತಿ. ಹಾಗಾದರೆ ಎರಡು ತಂಬೂರಿಗಳ ನಡುವೆ ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಬಹುಪಾಲು ಕುದುರೆಯಿಂದ. ತಂತಿ ಹಾದು ಹೋಗುವ ಆ ಪುಟ್ಟ ಸೇತುವೆಯ ಮೈಯನ್ನು ಕೂದಲೆಳೆಯಷ್ಟು ಇಳಿಜಾರಾಗಿ ಉಜ್ಜುತ್ತಾರೆ. ತಂತಿ ಅದರ ಮೈಗೆ ಸವರಿದಂತೆ ತಾಗಿದಾಗ ನಾದ ಒಡೆದು ಹರಡಿ ಗುಂಯ್‌ಗುಡುತ್ತದೆ. ಈ ಕೆಲಸಕ್ಕೆ ಹೆಸರು 'ಜವಾರಿ'. ನಮ್ಮ ಮಾತಿನಲ್ಲಿ ಜವಾರಿ ಎಂದರೆ ನಾಟಿ ತಳಿ, ಅಪ್ಪಟ ನೆಲದ್ದು. ಎರಡು ಶಬ್ದಗಳ ಅರ್ಥ ಬೇರೆ ಇರಬಹುದು. ಆದರೂ ತಂಬೂರಿಯನ್ನು ಕೈಗೆತ್ತಿಕೊಂಡ ಗವಾಯಿ "ಜವಾರಿ ಛಲೋ ಐತಿ" ಎಂದಾಗ ನಮ್ಮ ಕಿವಿಗೆ ಎರಡೂ ಅರ್ಥ ಒಟ್ಟಿಗೇ ಕೇಳಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕೊಳ್ಳುವವನು ಅಂಗಡಿಯಲ್ಲೇ ಕುಳಿತು ಶ್ರುತಿ ಕೂಡಿಸಿ ಕೇಳುತ್ತಿದ್ದ. ಸರಿ ಇಲ್ಲವೆಂದರೆ ಮಾಡುವವನು ಅಲ್ಲೇ ಮತ್ತೆ ಉಜ್ಜುತ್ತಿದ್ದ. ಬೆಲೆ ನಿರ್ಧಾರವಾಗುತ್ತಿದ್ದುದು ಎರಡು ಕಿವಿಗಳ ನಡುವೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದು ಈ ಕಸಬುದಾರರ ಭಾಗ್ಯ. ತಂಬೂರಿಯ ಶ್ರುತಿಯ ವಿಷಯದಲ್ಲಿ ಅವರಷ್ಟು ಹಟದ ಗಿರಾಕಿ ಮತ್ತೊಬ್ಬರಿರಲಿಲ್ಲ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಇಳಿದು ಬಂದ ಗಾಯನ ಈ ನಾದದ ನೆರಳಲ್ಲೇ ಬೆಳೆಯಿತು. 2024ರಲ್ಲಿ ಮಿರಜದ ಸಿತಾರು ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಜನರ ಕಿವಿ ಮಾತ್ರ ಆ ಮುದ್ರೆಯನ್ನು ಬಹಳ ಹಿಂದೆಯೇ ಒತ್ತಿತ್ತು.

ಪೇಟಿ ಬಂದಿತು

ಎರಡನೆಯ ಕಥೆ ಹಾರ್ಮೋನಿಯಂನದು. ನಮ್ಮ ಕಡೆ ಅದು ಬರೇ 'ಪೇಟಿ'. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೈನ್ ಎಂಬಾತ ಪೇಟೆಂಟ್ ಪಡೆದ ಈ ವಾದ್ಯವನ್ನು ಕಾಲಿನಿಂದ ತಿದಿ ಒತ್ತಿ, ಕುರ್ಚಿಯಲ್ಲಿ ಕುಳಿತು ನುಡಿಸಬೇಕಿತ್ತು. ನೆಲದ ಮೇಲೆ ಕುಳಿತು ಹಾಡುವ ನಮಗೆ ಅದು ಒಗ್ಗುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ದ್ವಾರ್ಕಿನ್ ಸಂಸ್ಥೆ ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವ ಪೆಟ್ಟಿಗೆಯನ್ನು ತಂದಿತು. ಅಲ್ಲಿಂದ ಅದರ ದಿಗ್ವಿಜಯ.

ಅದನ್ನು ಈ ಸೀಮೆಗೆ ಹೊತ್ತು ತಂದವರು ನಾಟಕದವರು. 1880ರಲ್ಲಿ 'ಶಾಕುಂತಲ' ಆಡಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಹಿಂದೆಯೇ ಕನ್ನಡ ಕಂಪನಿಗಳು ಮೇಲೆದ್ದವು. ಗದಗಿನ ಗರುಡ ಸದಾಶಿವರಾಯರಿಂದ ಏಣಗಿ ಬಾಳಪ್ಪನವರವರೆಗೆ ಯಾವ ಕಂಪನಿಯ ಕಥೆ ತೆಗೆದರೂ ಅಲ್ಲೊಬ್ಬ ಪೇಟಿ ಮಾಸ್ತರ ಇದ್ದೇ ಇರುತ್ತಾನೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರಿಂದ ಕೌಜಲಗಿ ನಿಂಗಮ್ಮನವರೆಗೆ ಬೆಳೆದು ಬಂದ ನಮ್ಮ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲೂ ಪೇಟಿ ಸೇರಿಕೊಂಡಿತು.

ಪೇಟಿಯ ಬೆಲೆಯಲ್ಲಿ ಮೊದಲ ಬಾರಿಗೆ 'ಹೆಸರು' ಒಂದು ಪಾತ್ರ ವಹಿಸಿತು. ಒಳಗಿರುವ ಹಿತ್ತಾಳೆಯ ರೀಡು ಎಲ್ಲಿಯದು ಎಂಬುದರ ಮೇಲೆ ಬೆಲೆ. ಜರ್ಮನ್ ರೀಡು, ಪ್ಯಾರಿಸ್ ರೀಡು ಎಂದರೆ ಹೆಚ್ಚು. ಮುಂದೆ ಗುಜರಾತಿನ ಪಾಲಿತಾಣಾದ ರೀಡುಗಳು ಬಂದವು. ಅಂಗಡಿಯವ ಮುಚ್ಚಳ ತೆರೆದು ರೀಡಿನ ಮೇಲಿನ ಅಚ್ಚನ್ನು ತೋರಿಸುತ್ತಿದ್ದ. ಗಿರಾಕಿ ಕಿವಿಯಿಂದ ಕೇಳುವುದರ ಜತೆಗೆ ಕಣ್ಣಿನಿಂದ ಓದಲೂ ಶುರು ಮಾಡಿದ.

ಪಂಡಿತರ ಲೆಕ್ಕದಲ್ಲಾದರೋ ಪೇಟಿಗೆ ಬೆಲೆಯೇ ಇರಲಿಲ್ಲ. ಅದರ ಮನೆಗಳು ಹನ್ನೆರಡೇ, ಸ್ವರಗಳ ನಡುವಿನ ಜಾರು ಅದಕ್ಕೆ ಬಾರದು, ಅದು ನಮ್ಮ ರಾಗಗಳನ್ನು ಕೆಡಿಸುತ್ತದೆ ಎಂಬ ವಾದ ಎಷ್ಟು ಬಲವಾಯಿತೆಂದರೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. 1971ರವರೆಗೆ ಆ ನಿಷೇಧ ಸಡಿಲಾಗಲಿಲ್ಲ. ಮೂರು ದಶಕ! ಆದರೆ ಅದೇ ಮೂರು ದಶಕಗಳಲ್ಲಿ ನಮ್ಮ ಕಡೆಯ ಭಜನೆ, ಬಯಲಾಟ, ನಾಟಕ, ಮೆಹಫಿಲ್ ಎಲ್ಲವೂ ಪೇಟಿಯ ಮೇಲೆಯೇ ನಡೆದವು. ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆಯವರಂಥ ಹಿರಿಯರು ಅದೇ 'ಕೆಡುಕು' ಪೆಟ್ಟಿಗೆಯಿಂದ ದೊಡ್ಡ ದೊಡ್ಡ ಗವಾಯಿಗಳಿಗೆ ಸಾಥ್ ಕೊಟ್ಟು, ಸ್ವತಂತ್ರ ವಾದನವನ್ನೂ ಮಾಡಿ ತೋರಿಸಿದರು. ಸರಕಾರಿ ರೇಡಿಯೋದಲ್ಲಿ ಸೊನ್ನೆ ಬೆಲೆಯಿದ್ದ ವಸ್ತು ಕಂಪನಿ ಮಾಲೀಕನಿಗೆ ಅನ್ನ ಕೊಡುವ ಆಸ್ತಿಯಾಗಿತ್ತು.

ಈ ಮಾತಿಗೆ ಬೀಳಗಿಯಲ್ಲೇ ಸಾಕ್ಷಿ ಇದೆ. ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ ಅಕ್ಕತಂಗಿಯರ ಊರು ಇದೇ. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜತೆ ಹಾಡಿದರು. ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿ ನಟಿಸಿದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಅವರ ದನಿ ದೇಶದ ಮನೆಮನೆ ತಲುಪಿತು. 1965ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ವಿಜಾಪುರದಲ್ಲಿ ಅಮೀರ್ ಟಾಕೀಸು ಇತ್ತೆಂಬುದನ್ನು ಹಳಬರು ನೆನೆಯುತ್ತಾರೆ. ಈ ಸೋದರಿಯರು ಬೆಳೆದದ್ದು ನಾಟಕದ, ಪೇಟಿ-ತಬಲಾಗಳ ವಾತಾವರಣದಲ್ಲಿ. ಪೇಟಿಯನ್ನು ಪಂಡಿತರು ಹೇಗೆ ತೂಗಿದರೋ ಹಾಗೆ ಅದನ್ನು ನೆಚ್ಚಿದವರು ತೂಗಿದ್ದರೆ ಆ ದನಿಗಳು ನಮಗೆ ಸಿಗುತ್ತಿದ್ದವೇ?

ಆಲಮಟ್ಟಿಯ ತತ್ವ, ಆರು ತಂತಿ

ಇನ್ನು ಗಿಟಾರಿಗೆ ಬರೋಣ. ವಿದ್ಯುತ್ ಗಿಟಾರು ಕೆಲಸ ಮಾಡುವ ಬಗೆ ತಿಳಿದರೆ ಬೆಲೆಯ ಅರ್ಧ ಗುಟ್ಟು ತಿಳಿದಂತೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಇದು: ತಂತಿಯ ಸುರುಳಿಯ ಬಳಿ ಅಯಸ್ಕಾಂತದ ಪ್ರಭಾವ ಏರಿಳಿದರೆ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಆಲಮಟ್ಟಿಯ ವಿದ್ಯುದಾಗಾರದಲ್ಲಿ ಕೃಷ್ಣೆಯ ನೀರು ಚಕ್ರ ತಿರುಗಿಸಿ ಇದನ್ನೇ ಮಾಡುತ್ತದೆ. ಗಿಟಾರಿನಲ್ಲಿ ನೀರಿನ ಬದಲು ಬೆರಳು ಇದೆ. ಉಕ್ಕಿನ ತಂತಿಗಳ ಕೆಳಗೆ ಪುಟ್ಟ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎನ್ನುತ್ತಾರೆ. ತಂತಿ ಕಂಪಿಸಿದರೆ ಸುರುಳಿಯಲ್ಲಿ ಅದೇ ಲಯದ ಸಣ್ಣ ವಿದ್ಯುತ್ತು. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ಅಂದರೆ, ತಂಬೂರಿಯಲ್ಲಿ ನಾದವನ್ನು ಹಿಗ್ಗಿಸುವುದು ಬುರುಡೆ; ಇಲ್ಲಿ ಆ ಕೆಲಸ ಆಂಪ್ಲಿಫೈಯರಿನದು. ಟೊಳ್ಳು ಹೊಟ್ಟೆಯ ಸಾಮಾನ್ಯ ಗಿಟಾರಿನಲ್ಲಿ ಮರದ ಹಲಗೆಯೇ ಜೀವ. ವಿದ್ಯುತ್ ಗಿಟಾರಿನ ಗಟ್ಟಿ ಮೈಯ ಪಾತ್ರ ಅದಕ್ಕಿಂತ ಬಹಳ ಚಿಕ್ಕದು. 1931ರಲ್ಲಿ ಅಮೆರಿಕದ ಜಾರ್ಜ್ ಬೋಶಾಂ ರೂಪಿಸಿ, ಮುಂದಿನ ವರ್ಷ ರಿಕನ್‌ಬ್ಯಾಕರ್ ತಂಡ ಮಾರಾಟಕ್ಕೆ ತಂದ ಮೊದಲ ಯಶಸ್ವೀ ವಿದ್ಯುತ್ ಗಿಟಾರಿನ ಮೈ ಮರದ್ದೇ ಅಲ್ಲ, ಅಲ್ಯೂಮಿನಿಯಂ! ಅದರ ಆಕಾರ ನೋಡಿ ಜನ 'ಬಾಣಲೆ' ಎಂದು ನಗೆಯಾಡಿದರು. ತೊಡೆಯ ಮೇಲೆ ಮಲಗಿಸಿಕೊಂಡು ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿ ಪದ್ಧತಿಯ ವಾದ್ಯ ಅದು. ಇದೇ ಪದ್ಧತಿ ನಮ್ಮ ದೇಶದಲ್ಲೂ ಮೊದಲು ಬೇರು ಬಿಟ್ಟಿತು. ಪೇಟಿಗೆ ಬಾರದ ಜಾರು ಅದಕ್ಕೆ ಬರುತ್ತಿತ್ತಲ್ಲ! ವ್ಯಾನ್ ಶಿಪ್ಲಿಯವರು ನುಡಿಸಿದ ಚಿತ್ರಗೀತೆಗಳ ಧ್ವನಿಮುದ್ರಿಕೆಗಳನ್ನು ಹಳೆಯ ರೇಡಿಯೋ ಕೇಳುಗರು ಮರೆತಿರಲಾರರು.

ಲಿಯೋ ಫೆಂಡರನ ಮಾರಾಟದ ಲೆಕ್ಕ

ಇಂದು ನಾವು ನೋಡುವ ರೂಪಕ್ಕೆ ಮುಖ್ಯ ಕಾರಣ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಈತ ರೇಡಿಯೋ ರಿಪೇರಿಯವ. ಗಿಟಾರು ನುಡಿಸಲು ಈತನಿಗೆ ಬರುತ್ತಿರಲಿಲ್ಲ. ಬಹುಶಃ ಅದರಿಂದಲೇ ವಾದ್ಯವನ್ನು ಯಂತ್ರದಂತೆ ನೋಡಿದ. ಮೈ ಒಂದು ಹಲಗೆ, ದಂಡಿ ಇನ್ನೊಂದು ಹಲಗೆ. ಎರಡನ್ನೂ ಸ್ಕ್ರೂ ಹಾಕಿ ಬಿಗಿ. ದಂಡಿ ಹಾಳಾದರೆ ಬಿಚ್ಚಿ ಬೇರೆ ಹಾಕು. 1950ರಲ್ಲಿ ಈ ಬಗೆಯ ಗಿಟಾರನ್ನು ಮಾರುಕಟ್ಟೆಗೆ ತಂದ. ಅದು ಮುಂದೆ ಟೆಲಿಕ್ಯಾಸ್ಟರ್ ಎನ್ನಿಸಿಕೊಂಡಿತು. 1954ರಲ್ಲಿ ಬಂದದ್ದು ಸ್ಟ್ರಾಟೊಕ್ಯಾಸ್ಟರ್. ಅದರ ಆಗಿನ ಬೆಲೆ 249 ಡಾಲರ್ 50 ಸೆಂಟ್.

ಇದು ಹೆಚ್ಚೋ ಕಡಿಮೆಯೋ? ಆಗ ಅಮೆರಿಕದ ಕಾರ್ಖಾನೆ ಕಾರ್ಮಿಕನ ಸರಾಸರಿ ವಾರದ ಗಳಿಕೆ ಸುಮಾರು 70 ಡಾಲರ್. ಅಂದರೆ ಮೂರೂವರೆ ವಾರಗಳ ದುಡಿಮೆ. ರೂಪಾಯಿ ಡಾಲರುಗಳ ಲೆಕ್ಕ ಕಾಲ ಕಾಲಕ್ಕೆ ಬದಲಾಗುತ್ತದೆ; ದುಡಿಮೆಯ ದಿನಗಳ ಲೆಕ್ಕ ಮಾತ್ರ ಎಲ್ಲರಿಗೂ ತಿಳಿಯುವ ಲೆಕ್ಕ. ಬನಹಟ್ಟಿಯ ಮಗ್ಗದವನಿರಲಿ, ಬೀಳಗಿಯ ರೈತನಿರಲಿ, ವಸ್ತುವಿನ ಬೆಲೆಯನ್ನು ತನ್ನ ಕೈಯ ದಿನಗಳಿಗೆ ಇಳಿಸಿ ನೋಡಿದರೆ ಅದರ ಭಾರ ಎಷ್ಟೆಂದು ತಿಳಿಯುತ್ತದೆ.

ಅಷ್ಟೂ ಕೊಡಲಾಗದವರಿಗೆ ಸಿಯರ್ಸ್ ಎಂಬ ಅಂಚೆ ಮಾರಾಟದ ಕಂಪನಿ 1962ರಲ್ಲಿ 70 ಡಾಲರಿಗೂ ಕಡಿಮೆ ಬೆಲೆಗೆ ಒಂದು ಗಿಟಾರು ಕೊಟ್ಟಿತು. ಅದರ ಪೆಟ್ಟಿಗೆಯ ಮುಚ್ಚಳದಲ್ಲೇ ಆಂಪ್ಲಿಫೈಯರ್ ಅಡಗಿತ್ತು. ದೊಡ್ಡ ಅಂಗಡಿಗಳು ಅದನ್ನು ಆಟಿಕೆ ಎಂದವು. ಒಂದು ತಲೆಮಾರಿನ ಬಡ ಹುಡುಗರು ಕಲಿತದ್ದು ಅದರಲ್ಲೇ.

ಸುಳಿಯ ಬೆಲೆ

ಹಾಗಾದರೆ ಲಕ್ಷಗಟ್ಟಲೆ ಬೆಲೆ ಎಲ್ಲಿಂದ ಬಂತು? ಇಲ್ಲಿಯೇ ನಮ್ಮ ರೈತ ಮಿತ್ರರು ಹೇಳಿದ 'ಸುಳಿ'ಯ ಮಾತು ನೆನಪಿಗೆ ಬರುತ್ತದೆ. ಎತ್ತಿನ ಮೈಮೇಲೆ ಸುಳಿ ಎಲ್ಲಿದೆ ಎಂಬುದರಿಂದ ಸಂತೆಯಲ್ಲಿ ಬೆಲೆ ಏರುತ್ತದೆ, ಇಳಿಯುತ್ತದೆ. ಆದರೆ ನೇಗಿಲು ಎಳೆಯುವುದು ಸುಳಿಯಲ್ಲ, ಹೆಗಲು.

ಗಿಬ್ಸನ್ ಕಂಪನಿ 1952ರಲ್ಲಿ 'ಲೆಸ್ ಪಾಲ್' ಗಿಟಾರನ್ನು ತಂದಿತು. 1958ರಿಂದ 1960ರ ನಡುವೆ ಅದರ ಮೇಲೆ ಮುಳುಗುವ ಸೂರ್ಯನ ಬಣ್ಣ ಬಳಿದು ಮಾರಿದರು. ಬೆಲೆ 300 ಡಾಲರಿಗೂ ಕಡಿಮೆ. ಜನ ಕೊಳ್ಳಲಿಲ್ಲ. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ ಎರಿಕ್ ಕ್ಲಾಪ್ಟನ್‌ರಂಥ ಇಂಗ್ಲೆಂಡಿನ ಹುಡುಗರು ಹಳೆಯ ಲೆಸ್ ಪಾಲ್‌ಗಳನ್ನು ಹುಡುಕಿ ನುಡಿಸಿ ಹೆಸರಾದರು. 1968ರಲ್ಲಿ ಗಿಬ್ಸನ್ ಮತ್ತೆ ತಯಾರಿಕೆ ಶುರು ಮಾಡಿತು. ಆದರೆ ಜನರಿಗೆ ಆ ಹಳೆಯವೇ ಬೇಕು. ಅಂದು ಯಾರಿಗೂ ಬೇಡವಾಗಿದ್ದ ಅದೇ ಗಿಟಾರುಗಳು ಇಂದು ಲಕ್ಷಗಟ್ಟಲೆ ಡಾಲರಿಗೆ ಮಾರಾಟವಾಗುತ್ತವೆ. ಮರ ಬದಲಾಗಲಿಲ್ಲ, ತಂತಿ ಬದಲಾಗಲಿಲ್ಲ. ಕೇಳಿದವರ ಮನಸ್ಸು ಬದಲಾಯಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ಪಷ್ಟವಾದದ್ದು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಒಂದು ಕಪ್ಪು ಸ್ಟ್ರಾಟೊಕ್ಯಾಸ್ಟರ್ ಕೊಂಡರು. ಮುಂದಿನ ವರ್ಷಗಳಲ್ಲಿ ಅದರ ದಂಡಿಯನ್ನು ಹಲವು ಬಾರಿ ಬದಲಿಸಿದರು, ಪಿಕಪ್ ಬದಲಿಸಿದರು. 2019ರ ಜೂನ್‌ನಲ್ಲಿ ಹರಾಜಾದಾಗ ಅದಕ್ಕೆ ಬಂದ ಬೆಲೆ 39 ಲಕ್ಷ 75 ಸಾವಿರ ಡಾಲರ್. ಮೂಲದ ಬಿಡಿಭಾಗಗಳಲ್ಲಿ ಎಷ್ಟೋ ಉಳಿದಿರಲಿಲ್ಲ. ಕೊಂಡವರು ಕೊಂಡದ್ದು ನೆನಪನ್ನು. ನೆನಪಿಗೆ ಬೆಲೆ ಕೊಡುವುದು ತಪ್ಪಲ್ಲ. ಆದರೆ ಅದನ್ನು ನಾದದ ಬೆಲೆ ಎಂದು ತಿಳಿಯಬಾರದು ಅಷ್ಟೆ.

ಮಲೆನಾಡಿನ ಬೀಟೆ

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಗಿಟಾರಿನ ದಂಡಿಯ ಮೇಲೆ ಬೆರಳು ಒತ್ತುವ ಕಪ್ಪು-ಕಂದು ಪಟ್ಟಿಯನ್ನು ನೋಡಿ. ಪ್ರಪಂಚದ ಎಷ್ಟೋ ಗಿಟಾರುಗಳಲ್ಲಿ ಅದು ಬೀಟೆ ಮರ. ಮೊದಲು ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. 1960ರ ದಶಕದಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆದಾಗ ಗಿಟಾರು ಕಂಪನಿಗಳ ಕಣ್ಣು ಭಾರತದ ಮೇಲೆ ಬಿತ್ತು. ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಸಹ್ಯಾದ್ರಿಯ ಕಾಡುಗಳ ಈ ಮರ, ಮೈಸೂರಿನ ಕುಶಲಕರ್ಮಿಗಳು ಚಿತ್ರ ಕೂರಿಸುವ ಅದೇ ಮರ, ಸಮುದ್ರ ದಾಟಿ ಗಿಟಾರಿನ ಮೈ ಸೇರಿತು.

2017ರ ಜನವರಿ 2ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದಡಿ ಬೀಟೆ ಕುಲದ ಮರಗಳ ಸಾಗಾಣಿಕೆಗೆ ಪರವಾನಗಿ ಕಡ್ಡಾಯವಾಯಿತು. ಕಂಪನಿಗಳು ಗಡಿಬಿಡಿಯಿಂದ ಬೇರೆ ಮರಗಳಿಗೆ ಬದಲಾದವು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ಎರಡು ಮೂರು ವರ್ಷ ಬೀಟೆಯಿಲ್ಲದ ಗಿಟಾರುಗಳನ್ನೇ ಜನ ನುಡಿಸಿದರು, ಸಂಗೀತವೇನೂ ನಿಲ್ಲಲಿಲ್ಲ. ದುಬಾರಿ ಮರ ಇದ್ದರಷ್ಟೇ ಒಳ್ಳೆಯ ವಿದ್ಯುತ್ ಗಿಟಾರು ಎಂಬ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಅಗ್ಗದ್ದು ಒಳ್ಳೆಯದಾದ ಬಗೆ

ಒಂದು ಕಾಲಕ್ಕೆ ಅಗ್ಗದ ಗಿಟಾರು ಎಂದರೆ ನಿಜಕ್ಕೂ ಕೆಟ್ಟ ಗಿಟಾರೇ ಆಗಿರುತ್ತಿತ್ತು. ನಮ್ಮ ದೇಶದಲ್ಲಂತೂ ಆಮದು ಲೈಸೆನ್ಸಿನ ದಿನಗಳಲ್ಲಿ ವಿದೇಶೀ ಗಿಟಾರು ಕನಸಿನ ಮಾತು. ಬಳಕೆಯ ಸಾಮಾನುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳು ಪೂರ್ತಿಯಾಗಿ ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಆರ್ಕೆಸ್ಟ್ರಾ ಹುಡುಗರು ಇದ್ದುದರಲ್ಲೇ ತಂತಿ ಬಿಗಿದು, ಅರ ಹಾಕಿ ಉಜ್ಜಿ ಹೇಗೋ ಸ್ವರ ಹೊರಡಿಸುತ್ತಿದ್ದರು.

ಹೊರಗಿನ ಪ್ರಪಂಚದಲ್ಲಿ ಬದಲಾವಣೆ ತಂದವರು ಜಪಾನಿನವರು. 1970ರ ದಶಕದಲ್ಲಿ ಅವರು ಮಾಡಿದ ನಕಲು ಗಿಟಾರುಗಳು ಅಸಲಿಗೆ ಎಷ್ಟು ಹತ್ತಿರ ಬಂದವೆಂದರೆ 1977ರಲ್ಲಿ ಗಿಬ್ಸನ್‌ನ ಒಡೆತನದ ಕಂಪನಿ ಇಬಾನೆಜ್ ಗಿಟಾರುಗಳ ಅಮೆರಿಕದ ವಿತರಕರ ಮೇಲೆ ಮೊಕದ್ದಮೆ ಹೂಡಿತು. ಫೆಂಡರ್ ಕಂಪನಿ 1982ರಲ್ಲಿ ಜಪಾನಿನಲ್ಲೇ ತಾನೂ ತಯಾರಿಕೆ ಶುರು ಮಾಡಿ, 'ಸ್ಕ್ವಯರ್' ಎಂಬ ಕಡಿಮೆ ಬೆಲೆಯ ಹೆಸರನ್ನು ಅಲ್ಲಿಂದಲೇ ಹೊರಡಿಸಿತು. ಮುಂದೆ ಕೆಲಸ ಕೊರಿಯಾಕ್ಕೆ, ಇಂಡೋನೇಷ್ಯಾಕ್ಕೆ, ಚೀನಾಕ್ಕೆ ಹೋಯಿತು. ಕಂಪ್ಯೂಟರ್ ನಡೆಸುವ ಯಂತ್ರಗಳು ದಂಡಿಯನ್ನು ಕೊರೆಯತೊಡಗಿದವು. ಇಂದು ಹತ್ತು ಹದಿನೈದು ಸಾವಿರ ರೂಪಾಯಿಯ ಗಿಟಾರಿನ ಅಳತೆಗಳು, ಲಿಯೋ ಫೆಂಡರನ ಕಾಲದಲ್ಲಿ ಕೈಯಿಂದ ಮಾಡಿದ ಎಷ್ಟೋ ಗಿಟಾರುಗಳಿಗಿಂತ ಕರಾರುವಾಕ್ಕಾಗಿರುವುದು ಆಶ್ಚರ್ಯವಲ್ಲ. ಯಂತ್ರಕ್ಕೆ ಬಾರದ್ದು ಕೊನೆಯ ಹದ. ಅಗ್ಗದ ಗಿಟಾರಿನಲ್ಲಿ ಕೈ ಕೆಲಸದ ತಾಸುಗಳು ಉಳಿತಾಯವಾಗಿರುತ್ತವೆ. ಮಿರಜದವರು ಜವಾರಿ ಉಜ್ಜುವ ಆ ಕೊನೆಯ ಗಳಿಗೆ ಇಲ್ಲಿ ಇರುವುದಿಲ್ಲ.

ಹಲ್ಲು, ನಡಿಗೆ, ಹೆಗಲು

ಆದ್ದರಿಂದ ಮಿತ್ರರಿಗೆ ನಾನು ಹೇಳಿದ್ದು ಎತ್ತಿನ ಭಾಷೆಯಲ್ಲೇ.

ಮೊದಲು ಹಲ್ಲು. ದಂಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟುಗಳು ಗಿಟಾರಿನ ಹಲ್ಲು. ಅಂಚಿನಲ್ಲಿ ಬೆರಳು ಸವರಿದರೆ ಚುಚ್ಚಬಾರದು. ದಂಡಿಯನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ನೋಡಿದರೆ ತಿರುಚಿರಬಾರದು. ಪ್ರತಿ ತಂತಿಯನ್ನು ಪ್ರತಿ ಮೆಟ್ಟಿನಲ್ಲಿ ಒತ್ತಿ ಮೀಟಿದಾಗ ಎಲ್ಲೂ ಕಿರಗುಟ್ಟಬಾರದು.

ಎರಡನೆಯದು ನಡಿಗೆ. ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದ ಸ್ವರವೂ, ಗಟ್ಟಿಯಾಗಿ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಸ್ವಲ್ಪ ಬೇರೆಯಾದರೆ ಕುದುರೆಯ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಬಹಳ ಬೇರೆಯಾಗಿ, ಸರಿಯೂ ಆಗದಿದ್ದರೆ ಆ ಗಿಟಾರು ಬೇಡ. ಶ್ರುತಿ ಕೂಡಿಸಿ ಹತ್ತು ನಿಮಿಷ ನುಡಿಸಿದ ಮೇಲೆ ಬಿರಡೆಗಳು ಜಾರಿರಬಾರದು. ಜಾತ್ರೆಯ ವೇದಿಕೆಯಲ್ಲಿ ಪ್ರತಿ ಹಾಡಿಗೂ ಶ್ರುತಿ ಮಾಡುತ್ತ ನಿಲ್ಲಲು ಆಗುವುದಿಲ್ಲ.

ಮೂರನೆಯದು ಹೆಗಲು, ಅಂದರೆ ಆಂಪ್ಲಿಫೈಯರ್. ಗಿಟಾರಿಗೇ ಎಲ್ಲ ಹಣ ಸುರಿದು ಕೆಟ್ಟ ಸ್ಪೀಕರಿಗೆ ಸಿಕ್ಕಿಸುವುದು ಒಳ್ಳೆಯ ಎತ್ತಿಗೆ ಮುರುಕು ಬಂಡಿ ಕಟ್ಟಿದಂತೆ. ಕೈಯಲ್ಲಿರುವ ಹಣದಲ್ಲಿ ಮೂರರಲ್ಲೊಂದು ಪಾಲು ಆಂಪ್ಲಿಫೈಯರಿಗೂ, ಒಂದಿಷ್ಟು ಬಲ್ಲವರಿಂದ ಹದ ಮಾಡಿಸುವುದಕ್ಕೂ ಎತ್ತಿಡುವುದು ಜಾಣತನ. ಒಬ್ಬರು ಒಂದೆರಡು ವರ್ಷ ನುಡಿಸಿ ಬಿಟ್ಟ ಗಿಟಾರು ಸಿಕ್ಕರೆ ಇನ್ನೂ ಒಳ್ಳೆಯದು. ಎತ್ತಿನಂತೆ ಅದಕ್ಕೆ ಮುಪ್ಪು ಬೇಗ ಬರುವುದಿಲ್ಲ.

ಬೆಲೆ ಏರುತ್ತ ಹೋದಂತೆ ಸಿಗುವ ಲಾಭ ಇಳಿಯುತ್ತ ಹೋಗುತ್ತದೆ ಎಂಬುದನ್ನೂ ಹೇಳಿದೆ. ಐದು ಸಾವಿರದ ಗಿಟಾರಿಗೂ ಹದಿನೈದು ಸಾವಿರದ್ದಕ್ಕೂ ಅಂತರ ದೊಡ್ಡದು. ಹದಿನೈದಕ್ಕೂ ನಲವತ್ತಕ್ಕೂ ಇರುವ ಅಂತರ ನುಡಿಸಬಲ್ಲವನಿಗೆ ಗೊತ್ತಾಗುತ್ತದೆ. ನಲವತ್ತು ಸಾವಿರಕ್ಕೂ ಒಂದೂವರೆ ಲಕ್ಷಕ್ಕೂ ಇರುವ ಅಂತರ ಪೆಂಡಾಲಿನಲ್ಲಿ ಕುಳಿತ ಕೇಳುಗನಿಗೆ ತಿಳಿಯಲಾರದು.

ಕೊನೆಯದಾಗಿ ಒಂದು ಲೆಕ್ಕ ಹಾಕಿದೆವು. ಹುಡುಗನಿಗೆ ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಎಷ್ಟು ಸಿಗುತ್ತದೆ, ವರ್ಷಕ್ಕೆ ಎಷ್ಟು ಜಾತ್ರೆ. ಎರಡು ಹಂಗಾಮಿನಲ್ಲಿ ಅವನೇ ದುಡಿದು ತೀರಿಸಬಹುದಾದ ಮೊತ್ತವೇ ಅವನ ಗಿಟಾರಿನ ನ್ಯಾಯವಾದ ಬೆಲೆ ಎಂದು ನನಗನ್ನಿಸಿತು. ಕಂಪನಿ ಮಾಲೀಕರು ಪೇಟಿ ಕೊಳ್ಳುವಾಗ ಹಾಕುತ್ತಿದ್ದ ಲೆಕ್ಕವೂ ಇದೇ ಇದ್ದೀತು. ಅದು ಇಪ್ಪತ್ತು ಸಾವಿರದ ಸುಮಾರಿಗೆ ಬಂದು ನಿಂತಿತು. ಕಬ್ಬಿನ ಬಿಲ್ಲಿನಲ್ಲಿ ಉಳಿದದ್ದು ಮಗಳ ಫೀಜಿಗೆ, ಬಿತ್ತನೆಗೆ.

ಮಿತ್ರರು ಎಲ್ಲ ಕೇಳಿ ತಲೆಯಾಡಿಸಿದರು. "ಸುಳಿಗೆ ರೊಕ್ಕ ಕೊಡೂದು ಬ್ಯಾಡ ಅಂದಂಗಾತು" ಎಂದರು. ತುಸು ಹೊತ್ತು ಬಿಟ್ಟು ನಕ್ಕು ಮತ್ತೊಂದು ಮಾತು ಸೇರಿಸಿದರು: "ಆದರ ಸರ, ಮನಸಿಗೆ ಬಂದ ಎತ್ತಿಗೇ ಮುಂಜಾನೆದ್ದು ಮೈ ತಿಕ್ಕಬೇಕು ಅನಸ್ತದ್ರಿ. ಹುಡುಗ ಕೆಂಪು ಬಣ್ಣದ್ದ ಬೇಕಂತಾನ."

ಕೆಂಪು ಬಣ್ಣಕ್ಕೆ ಹೆಚ್ಚು ಹಣ ಕೇಳದಿದ್ದರೆ ಅದನ್ನೇ ತನ್ನಿ ಎಂದೆ. ದಿನವೂ ಕೈಗೆತ್ತಿಕೊಳ್ಳಬೇಕು ಅನ್ನಿಸದ ವಾದ್ಯ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.